ಯಾರಿಗಾಗಿ ಈ ಬಿನ್ನಹ?

ದೈನಂದಿನ ವಾಕ್ಯಚಿಂತನೆ ಹಾಗೂ ವಿಶ್ವಾಸಿಗಳ ಪ್ರಾರ್ಥನೆಗಳನ್ನು ಕುರಿತು ಒಂದು ವಿಮರ್ಶೆ

ಕಳೆದ ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಸಂಗ್ರಹವನ್ನು ಹೇಳಿ ಮುಗಿಸಿದ ಮೇಲೆ ಯಾವ ಯಾವ ಉದ್ದೇಶಗಳಿಗಾಗಿ ಪ್ರಾರ್ಥಿಸಿದಿರಿ ಎಂಬುದು ನಿಮಗೆ ನೆನಪಿದೆಯೇ? ಯಾರೋ ಒಬ್ಬರು ಮುಂದೆ ಬಂದು ನಾಲ್ಕೋ ಐದೋ ಬಿನ್ನಹಗಳನ್ನು ಓದಿದರು. ಪ್ರತಿಯೊಂದರ ಕೊನೆಗೂ, ನಮ್ಮ ಮೊರೆಯನ್ನು ಪ್ರಭು ಆಲಿಸಲೆಂದು ನಾವೆಲ್ಲ ಒಕ್ಕೊರಲಿನಿಂದ ಉತ್ತರಿಸಿದೆವು. ಪ್ರಭು ಆಲಿಸಿದರು ಎಂಬುದರಲ್ಲಿ ಸಂದೇಹವಿಲ್ಲ. ನಾವು ಆಲಿಸಿದೆವೇ ಎಂಬುದೇ ಪ್ರಶ್ನೆ. ಪೀಠದ ಮುಂದೆ ನಿಂತು ನಾವು ಒಟ್ಟಾಗಿ ಬೇಡಿಕೊಂಡದ್ದು ಏನೆಂಬುದೇ ಮನೆ ತಲುಪುವ ವೇಳೆಗೆ ಮರೆತುಹೋಗುವುದಾದರೆ, ದೋಷ ನಮ್ಮ ಜ್ಞಾಪಕಶಕ್ತಿಯದೊಂದೇ ಆಗಿರಲಾರದು. ಬೇಡಿಕೊಂಡ ಮಾತಿನಲ್ಲಿಯೂ ಏನೋ ಕೊರತೆ ಇರಬೇಕು.

ಈ ಕೊರತೆಯನ್ನು ಕುರಿತು ಬರೆಯಲು ಹಿಂಜರಿಕೆಯಾಗುತ್ತದೆ. ಪ್ರಾರ್ಥನೆಯನ್ನು ವಿಮರ್ಶಿಸಬಹುದೇ ಎಂದು ನೀವು ಕೇಳಬಹುದು. ಒಬ್ಬರ ಹೃದಯದ ಪ್ರಾರ್ಥನೆಯನ್ನು ತೂಗಿ ನೋಡುವ ಅಧಿಕಾರ ಖಂಡಿತವಾಗಿಯೂ ಯಾರಿಗೂ ಇಲ್ಲ. ಆದರೆ ಸಭೆಯ ಪರವಾಗಿ ಬರೆದು, ಅಚ್ಚು ಹಾಕಿ, ಎಲ್ಲರ ಬಾಯಿಂದಲೂ ಒಪ್ಪಿಗೆ ಪಡೆಯುವ ಮಾತು ಎಲ್ಲರಿಗೂ ಸೇರಿದ್ದು. ಅದು ನಮ್ಮ ಮಾತಾಗಿದೆಯೇ ಎಂದು ಪರೀಕ್ಷಿಸುವುದು ಭಕ್ತಿಗೆ ವಿರುದ್ಧವಲ್ಲ.

ಮರಳಿ ಬಂದ ಒಂದು ಸ್ವತ್ತು

ಸುಮಾರು ಕ್ರಿ.ಶ. 155ರಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನ್ ರೋಮ್ ನಗರದ ಚಕ್ರವರ್ತಿಯನ್ನುದ್ದೇಶಿಸಿ ಕ್ರೈಸ್ತರ ಪರವಾಗಿ ಬರೆದ ಸಮರ್ಥನೆಯಲ್ಲಿ ಭಾನುವಾರದ ಆರಾಧನೆಯ ವರ್ಣನೆ ಬರುತ್ತದೆ. ಪ್ರೇಷಿತರ ನೆನಪುಗಳನ್ನೂ ಪ್ರವಾದಿಗಳ ಬರಹಗಳನ್ನೂ ಓದಲಾಗುತ್ತದೆ. ಸಭೆಯ ಅಧ್ಯಕ್ಷರು ಬೋಧಿಸುತ್ತಾರೆ. ಬಳಿಕ ಎಲ್ಲರೂ ಒಟ್ಟಾಗಿ ಎದ್ದು ನಿಂತು ಪ್ರಾರ್ಥಿಸುತ್ತಾರೆ. ಅಲ್ಲಿಗೇ ಮುಗಿಯುವುದಿಲ್ಲ. ಉಳ್ಳವರು ತಂದೊಪ್ಪಿಸಿದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಊರಿಗೆ ಬಂದ ಅಪರಿಚಿತರು ನೆರವು ಪಡೆಯುತ್ತಾರೆ. ವಾಚನ, ಪ್ರಾರ್ಥನೆ, ನೆರವು ಇವು ಮೂರೂ ಒಂದೇ ದಾರದ ಮೂರು ಎಳೆಗಳಾಗಿದ್ದವು ಎಂಬುದನ್ನು ಗಮನಿಸಿರಿ.

ಕಾಲಕ್ರಮೇಣ ರೋಮನ್ ಪೂಜಾವಿಧಿಯಿಂದ ಈ ಪ್ರಾರ್ಥನೆ ಮರೆಯಾಯಿತು. ಶುಭ ಶುಕ್ರವಾರದ ಮಹಾಪ್ರಾರ್ಥನೆಗಳಲ್ಲಿ ಮಾತ್ರ ಅದರ ಹಳೆಯ ರೂಪ ಉಳಿದುಕೊಂಡಿತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನದ 53ನೆಯ ವಿಧಿ ಇದನ್ನು ಜನರಿಗೆ ಮರಳಿ ಕೊಟ್ಟಿತು. ಧರ್ಮಸಭೆ, ಆಳುವವರು, ನಾನಾ ಸಂಕಟಗಳಿಗೆ ಸಿಕ್ಕವರು, ಸಮಸ್ತ ಮಾನವಕುಲ, ಹೀಗೆ ಆ ವಿಧಿ ನಮ್ಮ ಬೇಡಿಕೆಯ ಎಲ್ಲೆಯನ್ನು ವಿಸ್ತಾರವಾಗಿ ಹಾಕಿಕೊಟ್ಟಿತು. ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳು ಇದಕ್ಕೆ ಸ್ಥಳೀಯ ಸಮುದಾಯವನ್ನು ಸೇರಿಸಿ, ಬಿನ್ನಹಗಳು ಹೇಗಿರಬೇಕೆಂಬುದನ್ನೂ ತಿಳಿಸುತ್ತವೆ: ಮಾತಿನಲ್ಲಿ ಸಂಯಮವಿರಲಿ, ವಿವೇಕದಿಂದ ಕೂಡಿದ ಸ್ವಾತಂತ್ರ್ಯವಿರಲಿ, ಮಾತು ಕೆಲವೇ ಆಗಿರಲಿ, ಅದು ಇಡೀ ಸಮುದಾಯದ ಪ್ರಾರ್ಥನೆಯಾಗಿರಲಿ. ಸಾವಿರ ವರ್ಷಗಳಿಗೂ ಮಿಗಿಲಾಗಿ ನಮ್ಮ ಕೈತಪ್ಪಿದ್ದ ಸ್ವತ್ತು ಇದು. ಮರಳಿ ಬಂದ ಸ್ವತ್ತನ್ನು ನಾವು ಹೇಗೆ ಅನುಭವಿಸುತ್ತಿದ್ದೇವೆ?

ದಿನಕ್ಕೊಂದು ಚಿಂತನೆ

ಬಿನ್ನಹವನ್ನು ವಾಚನದಿಂದ ಬೇರ್ಪಡಿಸಿ ನೋಡಲಾಗದು. ಆದುದರಿಂದ ಮೊದಲು ದೈನಂದಿನ ವಾಕ್ಯಚಿಂತನೆಗಳ ಮಾತು. 1969ರ ಹೊಸ ವಾಚನಕ್ರಮ ಭಾನುವಾರಗಳಿಗೆ ಮೂರು ವರ್ಷಗಳ ಚಕ್ರವನ್ನೂ ವಾರದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷಗಳ ಚಕ್ರವನ್ನೂ ಏರ್ಪಡಿಸಿತು. ಅದರ ಫಲವಾಗಿ ಹುಟ್ಟಿಕೊಂಡ ಚಿಂತನೆಯ ಪುಸ್ತಿಕೆಗಳೂ ಹಾಳೆಗಳೂ ಈಗ ಮೊಬೈಲಿಗೆ ಬಂದು ಬೀಳುವ ಸಂದೇಶಗಳೂ ಮಾಡಿರುವ ಉಪಕಾರ ಅಲ್ಪವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆ ಬೆಂಗಳೂರು ಮಹಾಧರ್ಮಕ್ಷೇತ್ರದ ವ್ಯಾಪ್ತಿಯಲ್ಲಿದ್ದರೂ ಇಲ್ಲಿ ಕಥೋಲಿಕ ಕುಟುಂಬಗಳು ವಿರಳ, ಒಂದಕ್ಕೊಂದು ದೂರ. ನಿತ್ಯದ ಬಲಿಪೂಜೆಗೆ ಹೋಗಲಾರದ ಮನೆಯೊಂದು, ಬೆಳಗಿನ ಕೆಲಸಕ್ಕೆ ಹೊರಡುವ ಮುನ್ನ, ಜಗತ್ತಿನ ಎಲ್ಲೆಡೆ ಅಂದು ಓದುವ ಶುಭಸಂದೇಶವನ್ನೇ ತಾನೂ ಓದುತ್ತದೆಯೆಂದರೆ ಅದು ಆ ಚಿಂತನೆಗಳನ್ನು ಸಂಬಳವಿಲ್ಲದೆ ಬರೆಯುವ ಗುರುಗಳ, ಭಗಿನಿಯರ, ಉಪದೇಶಿಗಳ ಪರಿಶ್ರಮದಿಂದ. ಅವರಿಗೆ ನಾವು ಋಣಿಗಳು. ಈ ಋಣವನ್ನು ಒಪ್ಪಿಕೊಂಡೇ ಎರಡು ಮಾತು ಹೇಳಬೇಕಾಗಿದೆ.

ಬಹುಪಾಲು ಚಿಂತನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಮೊದಲು, ನಾವು ಆಗಷ್ಟೇ ಓದಿದ ವಾಚನದ ಕಥೆಯನ್ನೇ ಮತ್ತೊಮ್ಮೆ ಹೇಳುವುದು. ಬಳಿಕ ಎಲ್ಲಿಂದಲೋ ಅನುವಾದಗೊಂಡು ಬಂದ ಒಂದು ದೃಷ್ಟಾಂತ: ಹಿಮದಲ್ಲಿ ದಾರಿ ತಪ್ಪಿದ ಪ್ರಯಾಣಿಕನೋ, ಬಿರುಗಾಳಿಗೆ ಸಿಕ್ಕ ಹಡಗೋ. ಕೊನೆಗೆ 'ನಾವೂ ಹೀಗೆಯೇ ಬಾಳೋಣ' ಎಂಬ ಉಪದೇಶ. ಇದರಲ್ಲಿ ತಪ್ಪು ಬೋಧನೆ ಏನೂ ಇಲ್ಲ. ಆದರೆ ವಾಕ್ಯಕ್ಕೂ ಓದುಗನ ಅಂಗಳಕ್ಕೂ ನಡುವೆ ಸೇತುವೆ ಇಲ್ಲ. ಓದಿ ಮುಗಿಸಿದವನಿಗೆ ಉತ್ತರ ಸಿಕ್ಕಿರುತ್ತದೆ, ಪ್ರಶ್ನೆ ಎದ್ದಿರುವುದೇ ಇಲ್ಲ.

ಒಂದು ಭಾನುವಾರದ ಪರೀಕ್ಷೆ

ಮಾತು ಗಾಳಿಯಲ್ಲಿ ತೇಲಬಾರದು. ಒಂದು ನಿರ್ದಿಷ್ಟ ದಿನವನ್ನೇ ತೆಗೆದುಕೊಳ್ಳೋಣ. 2025ರ ಸೆಪ್ಟೆಂಬರ್ 21, ಸಾಧಾರಣ ಕಾಲದ 25ನೆಯ ಭಾನುವಾರ, 'ಸಿ' ವರ್ಷ. ಮೊದಲನೆಯ ವಾಚನ ಪ್ರವಾದಿ ಆಮೋಸನ ಗ್ರಂಥದ 8ನೆಯ ಅಧ್ಯಾಯದ 4ರಿಂದ 7ನೆಯ ವಚನಗಳು. ಎರಡನೆಯದು ಪ್ರೇಷಿತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ 2ನೆಯ ಅಧ್ಯಾಯ. ಶುಭಸಂದೇಶ ಸಂತ ಲೂಕನ 16ನೆಯ ಅಧ್ಯಾಯದ ಜಾಣ ಮೇಸ್ತ್ರಿಯ ಸಾಮತಿ.

ಈ ಮೂರು ವಾಚನಗಳು ತಿಪಟೂರಿನ ಪೇಟೆಯ ಪಕ್ಕದಲ್ಲಿ ಓದಲ್ಪಟ್ಟಾಗ ಎಂಥ ಧ್ವನಿ ಹೊರಡಬೇಕಿತ್ತು, ಯೋಚಿಸಿರಿ. ಆಮೋಸನು ಖಂಡಿಸುವುದು ವ್ಯಾಪಾರಿಗಳನ್ನು: ಸಬ್ಬತ್ ದಿನ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆದೇವು ಎಂದು ಚಡಪಡಿಸುವವರನ್ನು, ಅಳತೆಯ ಪಾತ್ರೆಯನ್ನು ಕಿರಿದಾಗಿಸಿ, ಹಣ ತೂಗುವ ಕಲ್ಲನ್ನು ಹಿರಿದಾಗಿಸಿ, ತಕ್ಕಡಿಯಲ್ಲಿ ಮೋಸ ಮಾಡುವವರನ್ನು, ಗೋಧಿಯ ಕಸವನ್ನೂ ಮಾರುವವರನ್ನು. ಹೀಗೆ ಗುಡುಗಿದವನಾದರೂ ಯಾರು? ತಾನು ವೃತ್ತಿಯ ಪ್ರವಾದಿಯಲ್ಲ, ದನಕುರಿ ಕಾಯುವವನು, ಅತ್ತಿಯ ಜಾತಿಯ ಮರಗಳನ್ನು ನೋಡಿಕೊಳ್ಳುವವನು ಎಂದು ಅದೇ ಗ್ರಂಥದ 7ನೆಯ ಅಧ್ಯಾಯದಲ್ಲಿ ಆತನೇ ಹೇಳಿಕೊಳ್ಳುತ್ತಾನೆ. ಮರದ ಬುಡದಿಂದ ಎದ್ದು ಬಂದು ತಕ್ಕಡಿಯ ಮುಂದೆ ನಿಂತವನು ಆಮೋಸ. ಮರವನ್ನೇ ನಂಬಿ ಬಾಳುವ ಕಲ್ಪತರು ನಾಡಿನವರಿಗೆ ಇವನಿಗಿಂತ ಹತ್ತಿರದ ಪ್ರವಾದಿ ಬೇರೆ ಯಾರಿದ್ದಾರೆ? ಲೂಕನ ಸಾಮತಿಯಲ್ಲಿಯೂ ಬರುವುದು ಸಾಲದ ಚೀಟಿ, ನೂರು ಅಳತೆಯ ಎಣ್ಣೆ ಐವತ್ತಾಗುವ, ನೂರು ಅಳತೆಯ ಗೋಧಿ ಎಂಬತ್ತಾಗುವ ಲೆಕ್ಕ.

ಆದರೆ ನಾನು ಆ ವಾರ ಓದಿದ ಚಿಂತನೆಗಳಲ್ಲಿ ತಕ್ಕಡಿ 'ಪ್ರಾಮಾಣಿಕತೆ' ಎಂಬ ಸದ್ಗುಣವಾಗಿ ಕರಗಿಹೋಗಿತ್ತು. ಆಮೋಸನ ಮರ ಎಲ್ಲಿಯೂ ಕಾಣಲಿಲ್ಲ. ಇನ್ನು ಪೂಜೆಯಲ್ಲಿ ಕೇಳಿದ ಬಿನ್ನಹಗಳಾದರೋ, ಧರ್ಮಾಧಿಕಾರಿಗಳಿಗೆ ಜ್ಞಾನ, ನಾಯಕರಿಗೆ ವಿವೇಕ, ರೋಗಿಗಳಿಗೆ ಸೌಖ್ಯ, ಯುವಜನರಿಗೆ ಸನ್ಮಾರ್ಗ. ಹಿಂದಿನ ಭಾನುವಾರಕ್ಕೂ ಅವು ಸಲ್ಲುತ್ತಿದ್ದವು, ಮುಂದಿನದಕ್ಕೂ ಸಲ್ಲುತ್ತಿದ್ದವು. ಎಲ್ಲ ದಿನಕ್ಕೂ ಸಲ್ಲುವ ಪ್ರಾರ್ಥನೆ ಆ ದಿನಕ್ಕೆ ಸಲ್ಲುವುದಿಲ್ಲ.

ಔಚಿತ್ಯವೆಂಬ ಅಳತೆ

ನಮ್ಮ ಬಿನ್ನಹಗಳನ್ನು ಅಳೆಯಲು ಹೊರಗಿನ ಕೋಲನ್ನು ಹುಡುಕಬೇಕಾಗಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಪ್ರಕಟಿಸಿ, ರಸ, ಧ್ವನಿ, ಔಚಿತ್ಯ ಮೊದಲಾದ ತತ್ತ್ವಗಳನ್ನು ಕನ್ನಡಿಗರಿಗೆ ತಿಳಿಯಾಗಿ ಒದಗಿಸಿಕೊಟ್ಟರು. ಔಚಿತ್ಯವನ್ನು ಕಾವ್ಯದ ಜೀವವೆಂದು ಎಣಿಸಿದವನು 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಸೊಂಟದ ಪಟ್ಟಿಯನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ನಗದವರಾರು ಎಂಬುದು ಅವನ ವಾದದ ತಿರುಳು. ಒಡವೆ ಚಿನ್ನದ್ದೇ, ತೊಟ್ಟ ಸ್ಥಳ ಸರಿಯಿಲ್ಲ. ನಮ್ಮ ಬಿನ್ನಹಗಳ ದೋಷಗಳೂ ಹೆಚ್ಚಾಗಿ ಇಂಥವೇ.

ಮೊದಲನೆಯದಾಗಿ, ಬಿನ್ನಹ ವಾಸ್ತವವಾಗಿ ಜನರಿಗೆ ಕೊಡುವ ಕರೆ. 'ಇವರಿಗಾಗಿ ಪ್ರಾರ್ಥಿಸೋಣ' ಎಂದು ಓದುವವರು ಕರೆಯುತ್ತಾರೆ, ಪ್ರಾರ್ಥಿಸುವವರು ಜನ. ನಾವಾದರೋ ಬಿನ್ನಹವನ್ನೇ ಆರು ಸಾಲಿನ ಸಂಪೂರ್ಣ ಪ್ರಾರ್ಥನೆಯನ್ನಾಗಿ ಬರೆದು, 'ಆ ಮೂಲಕ', 'ತನ್ಮೂಲಕ' ಎಂದು ಕೊಂಡಿಯ ಮೇಲೆ ಕೊಂಡಿ ಹಾಕಿ, 'ದಯಪಾಲಿಸಿರಿ' ಎಂದು ಮುಗಿಸುತ್ತೇವೆ. ಜನರಿಗೆ ಉಳಿಯುವುದು ಅರ್ಜಿಯ ಕೆಳಗೆ ಮೊಹರು ಒತ್ತುವ ಕೆಲಸವೊಂದೇ. ಎರಡು ಬಿನ್ನಹಗಳ ನಡುವೆ ಉಸಿರೆಳೆದುಕೊಳ್ಳುವಷ್ಟು ಮೌನವೂ ಇರುವುದಿಲ್ಲ.

ಎರಡನೆಯದಾಗಿ, ದೇವರೊಡನೆ ಮಾತನಾಡುವ ನೆಪದಲ್ಲಿ ಪಕ್ಕದವರನ್ನು ಗದರಿಸುವುದು. ಯುವಜನರು ಮೊಬೈಲಿನ ದಾಸ್ಯ ಬಿಟ್ಟು ಜಪಮಾಲೆ ಹಿಡಿಯಲಿ, ತಾಯಂದಿರು ಧಾರಾವಾಹಿ ಬಿಟ್ಟು ಮಕ್ಕಳನ್ನು ನೋಡಿಕೊಳ್ಳಲಿ ಎಂಬಂಥ ಬಿನ್ನಹಗಳನ್ನು ನೀವೂ ಕೇಳಿರಬಹುದು. ಹೇಳಬೇಕಾದ ಬುದ್ಧಿಮಾತನ್ನು ಎದುರಿಗೇ ಹೇಳುವುದು ಮರ್ಯಾದೆ. ಗುಡಿಯಲ್ಲಿ ಎಲ್ಲರ ಎದುರು, ದೇವರ ಹೆಸರಿನಲ್ಲಿ, ಉತ್ತರಿಸಲಾಗದಂತೆ ಹೇಳುವುದು ಪ್ರಾರ್ಥನೆಯಲ್ಲ.

ಮೂರನೆಯದು ಇನ್ನೂ ಆಳವಾದುದು. 'ಬಡವರಿಗಾಗಿ ಪ್ರಾರ್ಥಿಸೋಣ' ಎಂದಾಗ ಬಡವರು ಎಲ್ಲಿದ್ದಾರೆ? ನಮ್ಮ ಮಾತಿನ ಪ್ರಕಾರ ಅವರು ಗುಡಿಯ ಹೊರಗೆ ಎಲ್ಲೋ ಇದ್ದಾರೆ. ಆದರೆ ಅದೇ ಗಳಿಗೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಉತ್ತರ ಹೇಳುತ್ತಿರುವವರು ಕಾಯಿ ಸುಲಿಯುವವರು, ನಾರಿನ ಕೆಲಸಕ್ಕೆ ಹೋಗುವವರು, ಮನೆಗೆಲಸದವರು. ತನ್ನನ್ನೇ 'ಅವರು' ಎಂದು ಕರೆಯುವ ಪ್ರಾರ್ಥನೆಗೆ ಒಬ್ಬ ತಾಯಿ ಪ್ರತಿವಾರ ಒಪ್ಪಿಗೆ ಕೊಡಬೇಕಾಗಿ ಬಂದಿದೆ. ಇದು ಕೇವಲ ಭಾಷೆಯ ದೋಷವೆಂದು ನನಗೆ ಅನ್ನಿಸುವುದಿಲ್ಲ.

ಊರಿನ ಹೆಸರು ಸೇರಿಸಿದರೆ ಸಾಕೇ?

ಇಷ್ಟು ಹೇಳಿದ ಮೇಲೆ ಒಂದು ಸುಲಭ ಪರಿಹಾರ ಹೊಳೆಯುತ್ತದೆ: ಬಿನ್ನಹಗಳಿಗೆ ಊರಿನ ಸಂಗತಿಯನ್ನು ಸೇರಿಸಿಬಿಡೋಣ, ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಗಲೆಂದು ಬೇಡೋಣ! ಬೇಡಬಾರದೆಂದಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು, ರೈತರು ಬೀದಿಗಿಳಿದರು. ಕಾಯಿ ಕಿತ್ತು, ಅಟ್ಟಕ್ಕೇರಿಸಿ, ಸುಮಾರು ಒಂದು ವರ್ಷ ಕಾದು ಪಡೆಯುವ ಗಿಟುಕಿಗೆ ಆ ಬೆಲೆ ಬಂದಾಗ ಎಷ್ಟು ಮನೆಗಳಲ್ಲಿ ಮದುವೆ, ಕಾಲೇಜು, ಆಸ್ಪತ್ರೆಗಳ ಲೆಕ್ಕ ತಪ್ಪಿತೋ ದೇವರೇ ಬಲ್ಲರು. ಆ ದಿನಗಳಲ್ಲಿ 'ಜಗತ್ತಿನ ರೈತರಿಗಾಗಿ' ಎಂದಷ್ಟೇ ಬೇಡಿಕೊಂಡ ಸಭೆ ತನ್ನ ಎದುರಿಗಿದ್ದ ಅಟ್ಟವನ್ನು ನೋಡಲಿಲ್ಲವೆಂದೇ ಹೇಳಬೇಕು.

ಆದರೆ 2025 ಬಂದಿತು. ಬೆಂಬಲ ಬೆಲೆ 12,100 ರೂಪಾಯಿ ಇದ್ದ ಆ ವರ್ಷ ಪೇಟೆಯ ಧಾರಣೆ ಅದರ ಎರಡರಷ್ಟನ್ನೂ ಮೀರಿತು. ಪ್ರಾರ್ಥನೆ ಫಲಿಸಿತೆನ್ನೋಣವೇ? ಬೆಲೆ ಏರಿದ್ದಕ್ಕೆ ಇಳುವರಿ ಕುಸಿದದ್ದೂ ಒಂದು ಕಾರಣ. ಯಾರ ಮರಗಳಿಗೆ ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ತಗುಲಿತ್ತೋ ಅವರ ಅಟ್ಟ ಬರಿದಾಗಿತ್ತು. ಧಾರಣೆಯ ಸುದ್ದಿ ಅವರಿಗೆ ಕೇವಲ ಸುದ್ದಿ. ಮರವೇ ಇಲ್ಲದ ಕೂಲಿಯವರು ಸಾರಿಗೆ ತೆಂಗಿನಕಾಯಿಯನ್ನು ದುಬಾರಿ ಬೆಲೆಗೆ ಕೊಳ್ಳಬೇಕಾಯಿತು. ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ತೋಟವಿದ್ದವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಧಾರಣೆ ಏರಲೆಂಬ ಒಂದೇ ಬಿನ್ನಹ ಈ ಎಲ್ಲರ ಬಾಯಿಗೂ ಒಪ್ಪುವುದೇ? ಇಡೀ ಸಮುದಾಯದ ಪ್ರಾರ್ಥನೆಯಾಗಿರಲಿ ಎಂಬ ನಿರ್ದೇಶನದ ಬೆಲೆ ತಿಳಿಯುವುದು ಇಲ್ಲಿ. ಊರಿನ ಹೆಸರಿಲ್ಲದ ಪ್ರಾರ್ಥನೆ ಟೊಳ್ಳು. ಊರಿನ ಒಂದು ಪಾಲಿನವರ ಲಾಭವನ್ನೇ ಊರಿನ ಹೆಸರಿನಲ್ಲಿ ಕೇಳುವ ಪ್ರಾರ್ಥನೆ ಅದಕ್ಕಿಂತ ಅಪಾಯಕರ.

ಪೌಲರು ಅಂದಿನ ಎರಡನೆಯ ವಾಚನದಲ್ಲಿ ಕೇಳುವುದೂ ಇದನ್ನೇ. ಎಲ್ಲ ಮಾನವರಿಗಾಗಿ, ಅರಸರಿಗಾಗಿ, ಅಧಿಕಾರದಲ್ಲಿರುವ ಸರ್ವರಿಗಾಗಿ ಬೇಡಿಕೊಳ್ಳಿರಿ ಎನ್ನುತ್ತಾರೆ ಅವರು. ಆಗಿನ ಅರಸರು ಕ್ರೈಸ್ತರ ಹಿತೈಷಿಗಳಾಗಿರಲಿಲ್ಲ ಎಂಬುದನ್ನು ನೆನೆಯಿರಿ. ನಮ್ಮವರಲ್ಲದವರಿಗಾಗಿ, ನಮಗೆ ಬೇಕಾದವರಲ್ಲದವರಿಗಾಗಿ ಬೇಡುವುದರಲ್ಲೇ ಈ ಪ್ರಾರ್ಥನೆಯ ಯಾಜಕಗುಣ ಇದೆ.

ಇದನ್ನು ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ. ಅದೇ ವಾರ ಈ ಸೀಮೆಯ ಮನೆಯೊಂದರಲ್ಲಿ ಕಿರಿಯ ಕ್ರೈಸ್ತ ಸಮುದಾಯದ ಪ್ರಾರ್ಥನೆ ನಡೆಯಿತು. ಅಚ್ಚಾದ ಹಾಳೆಯನ್ನು ಓದಿ ಮುಗಿಸಿದ ಮೇಲೆ, ಬೇರೆ ಯಾರಾದರೂ ಪ್ರಾರ್ಥಿಸುವಿರಾ ಎಂದು ಮನೆಯ ಯಜಮಾನರು ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಗೋಡೆಗೊರಗಿ ಕುಳಿತಿದ್ದ ಒಬ್ಬ ತಾಯಿ, ಕರಟ ಒಡೆದು ಗಿಟುಕು ಬಿಡಿಸುವ ಕೆಲಸಕ್ಕೆ ಹೋಗುವವರು, ತಗ್ಗಿದ ದನಿಯಲ್ಲಿ ಪ್ರಾರ್ಥಿಸಿದರು. ತಮ್ಮ ಕೈಯ ಪೆಟ್ಟು ತಪ್ಪಿ ಗಿಟುಕು ಒಡೆಯದಿರಲಿ ಎಂದರು. ಒಡೆದ ಗಿಟುಕಿಗೆ ಬೆಲೆ ಕಡಿಮೆ, ಮಾತು ಹೆಚ್ಚು. ಅಷ್ಟಕ್ಕೇ ನಿಲ್ಲಿಸಲಿಲ್ಲ. ತಾವು ಕೆಲಸಕ್ಕೆ ಹೋಗುವ ತೋಟದ ಮರಗಳು ಒಣಗುತ್ತಿವೆ, ಅವರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ, ಅವರಿಗೆ ನೆಮ್ಮದಿ ಕೊಡು ಸ್ವಾಮಿ ಎಂದು ಬೇಡಿಕೊಂಡರು. ಆ ತೋಟದವರು ನಮ್ಮ ಧರ್ಮದವರಲ್ಲ. ಆ ಸಂಜೆ ನಾವು ಕೊಟ್ಟ ಉತ್ತರ ಮೊಹರಾಗಿರಲಿಲ್ಲ. ಆಮೋಸ, ಪೌಲ ಇಬ್ಬರೂ ಆ ಕೋಣೆಯಲ್ಲಿ ಇದ್ದಂತೆ ನನಗನ್ನಿಸಿತು.

ಒಂದು ಮಾದರಿ

ದೋಷ ಹೇಳಿದವನು ತಾನೂ ಪ್ರಯತ್ನಿಸಿ ತೋರಿಸಬೇಕು. ಆ ಭಾನುವಾರಕ್ಕೆ ಹೀಗೆ ಬರೆಯಬಹುದಿತ್ತು. ನೀವು ಇದಕ್ಕಿಂತ ಚೆನ್ನಾಗಿ ಬರೆಯಬಲ್ಲಿರಿ.

ಹಣಕ್ಕೆ ಅಂಜದೆ ನ್ಯಾಯವನ್ನು ನುಡಿಯುವ ಬಾಯಿ ಧರ್ಮಸಭೆಗೆ ಇರಲಿ ಎಂದು ಪ್ರಾರ್ಥಿಸೋಣ.

ಬೆಲೆ ಕಟ್ಟುವವರು, ತೂಗುವವರು, ಲೆಕ್ಕ ಬರೆಯುವವರು, ನಮ್ಮನ್ನು ಆಳುವವರು, ಇವರೆಲ್ಲರ ಕೈ ನೆಟ್ಟಗಿರಲಿ ಎಂದು ಪ್ರಾರ್ಥಿಸೋಣ.

ಮರ ಒಣಗಿದವರಿಗಾಗಿ, ಮರವೇ ಇಲ್ಲದವರಿಗಾಗಿ, ಮರವೇರಿ ಬಿದ್ದು ನೆಲ ಹಿಡಿದವರಿಗಾಗಿ ಪ್ರಾರ್ಥಿಸೋಣ.

ಇಲ್ಲಿ ನಿಂತಿರುವ ನಮ್ಮಲ್ಲಿ ಯಾರು ಯಾರಿಗೆ ಕೂಲಿ ಬಾಕಿ ಉಳಿಸಿಕೊಂಡಿದ್ದೇವೋ, ಈ ವಾರ ಅದನ್ನು ತೀರಿಸುವ ಮನಸ್ಸು ನಮಗೆ ಬರಲಿ ಎಂದು ಪ್ರಾರ್ಥಿಸೋಣ.

ಕೊನೆಯ ಬಿನ್ನಹಕ್ಕೆ ಉತ್ತರ ಹೇಳುವಾಗ ನಾಲಗೆ ಸ್ವಲ್ಪ ತಡವರಿಸಬಹುದು. ತಡವರಿಸಲಿ. ಕಾಣಿಕೆಯ ಬುಟ್ಟಿ ಬರುವುದು ಅದಾದ ಮೇಲೆಯೇ.

ಅಟ್ಟದಲ್ಲಿ ಹಣ್ಣಾಗುವ ಮಾತು

ಇಂಥ ಬಿನ್ನಹಗಳನ್ನು ಬರೆಯುವವರು ಯಾರು? ದೂರದ ಸಂಪಾದಕರಿಂದ ಇದು ಸಾಧ್ಯವಿಲ್ಲ; ಅದು ಅವರ ತಪ್ಪೂ ಅಲ್ಲ. ಅಚ್ಚಿನ ಪುಸ್ತಿಕೆ ದಾರಿ ತೋರಿಸಬಹುದು, ಊರಿನ ಪರವಾಗಿ ಮಾತನಾಡಲಾರದು. ಆದುದರಿಂದ ನಿಮ್ಮಲ್ಲಿ ಒಂದು ಕೋರಿಕೆ. ವಾರದ ನಡುವೆ ಒಂದು ಸಂಜೆ ನಾಲ್ಕು ಮನೆಯವರು ಕೂಡಿ ಬರುವ ಭಾನುವಾರದ ವಾಚನಗಳನ್ನು ಗಟ್ಟಿಯಾಗಿ ಓದಿರಿ. ಚಿಂತನೆಯ ಹಾಳೆಯನ್ನು ತೆರೆಯುವ ಮುನ್ನ ಸ್ವಲ್ಪ ಹೊತ್ತು ಸುಮ್ಮನಿರಿ. ಈ ವಾಕ್ಯ ನಮ್ಮ ಬೀದಿಯಲ್ಲಿ ಯಾರ ಕಡೆಗೆ ಬೆರಳು ತೋರುತ್ತಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿರಿ. ಹೊಳೆದದ್ದನ್ನು ಎರಡು ಸಾಲು ಮೀರದಂತೆ ಬರೆದು ಗುರುಗಳಿಗೆ ತೋರಿಸಿರಿ. ಓದುವ ಸರದಿ ಹಿಂದಿನ ಸಾಲಿನವರಿಗೂ ಬರಲಿ.

ಕಾಯಿಯನ್ನು ಕಿತ್ತ ದಿನವೇ ಒಡೆದರೆ ಕೊಬ್ಬರಿ ಸಿಗುವುದಿಲ್ಲವೆಂದು ಈ ಸೀಮೆಯ ಮಗುವಿಗೂ ಗೊತ್ತು. ಅದು ಅಟ್ಟದ ಕತ್ತಲಲ್ಲಿ, ಮನೆಯ ಬಿಸಿಯಲ್ಲಿ ತಿಂಗಳುಗಟ್ಟಲೆ ಇದ್ದು, ಅಲುಗಿಸಿದಾಗ ಒಳಗಿನ ಗಿಟುಕು ಕರಟಕ್ಕೆ ತಾಗಿ ಸದ್ದು ಮಾಡುವವರೆಗೆ ಕಾಯಬೇಕು. ದೇವರ ವಾಕ್ಯವೂ ನಮ್ಮ ಮನೆಯ ಬಿಸಿಯಲ್ಲಿ ಅಷ್ಟು ಕಾಲವಲ್ಲದಿದ್ದರೂ ನಾಲ್ಕು ದಿನವಾದರೂ ಇರಲಿ. ಆಮೋಸ, ಪೌಲ, ಜಾಣ ಮೇಸ್ತ್ರಿ ಮೂವರೂ ಒಟ್ಟಿಗೆ ನಮ್ಮ ಗುಡಿಗಳಿಗೆ ಮತ್ತೆ ಬರುವುದು 2028ರ ಸೆಪ್ಟೆಂಬರಿನಲ್ಲಿ. ಅಂದು ನಿಮ್ಮ ಧರ್ಮಕೇಂದ್ರದಲ್ಲಿ ಯಾರಿಗಾಗಿ ಬಿನ್ನಹ ಮಾಡುವಿರಿ? ಈಗಲೇ ಯೋಚಿಸಲು ಆರಂಭಿಸಿದರೆ ಅವಸರವೇನೂ ಆಗದು.